ಕತ್ತರಿ ಬೀಳದ ಒಂದೂವರೆ ಗಂಟೆ

ಎಣ್ಣೆ ಕಾದು ಸಾಸಿವೆ ಸಿಡಿಯತೊಡಗಿದ ಮೇಲೆ ಕರಿಬೇವು ಎಲ್ಲಿದೆ ಎಂದು ಹುಡುಕುವಂತಿಲ್ಲ. ಅಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ. ಸಿನಿಮಾಕ್ಕೆ ಈ ಕಷ್ಟವಿಲ್ಲ. ಸಂಕಲನಕಾರನ ಕತ್ತರಿ ನಮ್ಮನ್ನು ಬಾಣಲೆಯಿಂದ ತಟ್ಟೆಗೆ ಕ್ಷಣದಲ್ಲಿ ದಾಟಿಸಿಬಿಡುತ್ತದೆ. ನಡುವೆ ಯಾರು ಬೆವರಿದರು, ಯಾರ ಕೈ ಸುಟ್ಟಿತು ಎಂಬುದು ಕಾಣುವುದೇ ಇಲ್ಲ. ಅಡುಗೆಯ ಸಿನಿಮಾಗಳನ್ನು ಆಸೆಯಿಂದ ನೋಡುವ ನನಗೆ 2021ರ ಬ್ರಿಟಿಷ್ ಚಿತ್ರ ‘ಬಾಯ್ಲಿಂಗ್ ಪಾಯಿಂಟ್’ ಅಷ್ಟು ಹಿಡಿಸಿದ್ದು ಅದು ಈ ಕತ್ತರಿಯನ್ನು ಕೆಳಗಿಟ್ಟಿತು ಎಂಬ ಕಾರಣಕ್ಕೆ. ಲಂಡನ್ನಿನ ಡಾಲ್‌ಸ್ಟನ್ನಿನ ನಿಜವಾದ ರೆಸ್ಟೋರೆಂಟೊಂದರಲ್ಲಿ ಒಂದೇ ಶಾಟ್‌ನಲ್ಲಿ ತೆಗೆದ ಒಂದೂವರೆ ಗಂಟೆಯ ಚಿತ್ರ ಅದು. ಹಿಚ್‌ಕಾಕ್ 1948ರಲ್ಲಿ ‘ರೋಪ್’ ತೆಗೆದಾಗ ರೀಲು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು, ಜೋಡಣೆಯನ್ನು ಮರೆಮಾಚಬೇಕಿತ್ತು. ಇಲ್ಲಿ ಹೊಲಿಗೆಯೇ ಇಲ್ಲ. 2020ರ ಮಾರ್ಚ್‌ನಲ್ಲಿ ಇಡೀ ಚಿತ್ರವನ್ನು ಎಂಟು ಸಲ ತೆಗೆಯುವ ಯೋಜನೆಯಿತ್ತು. ಲಾಕ್‌ಡೌನ್ ಹತ್ತಿರ ಬಂದು ನಾಲ್ಕಕ್ಕೇ ನಿಲ್ಲಿಸಬೇಕಾಯಿತು. ನಾವು ನೋಡುವುದು ಅದರಲ್ಲಿ ಮೂರನೆಯದನ್ನು.

ಇದೆಲ್ಲ ಕಸರತ್ತು, ಕಥೆಗಿಂತ ಕ್ಯಾಮೆರಾದ ಮೇಲೆಯೇ ಕಣ್ಣು ಹೋಗುತ್ತದೆ ಎನ್ನುವವರಿದ್ದಾರೆ. ಎಷ್ಟೋ ಚಿತ್ರಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಇಲ್ಲಿ ಕತ್ತರಿ ಬಿದ್ದಿದ್ದರೆ ಏನು ಕಳೆದುಹೋಗುತ್ತಿತ್ತು ನೋಡಿ. ಕ್ರಿಸ್‌ಮಸ್‌ಗೆ ಮುಂಚಿನ ಶುಕ್ರವಾರದ ರಾತ್ರಿ, ವರ್ಷದಲ್ಲೇ ಅತಿ ಹೆಚ್ಚು ಗಿರಾಕಿಗಳು ಬರುವ ಹೊತ್ತು. ಹೆಂಡತಿ, ಮಗನಿಂದ ದೂರವಾಗಿರುವ ಮುಖ್ಯ ಬಾಣಸಿಗ ಆಂಡಿ ಜೋನ್ಸ್ ತಡವಾಗಿ ಬರುತ್ತಾನೆ. ಆರೋಗ್ಯ ಅಧಿಕಾರಿ ಬಂದಾಗಿದೆ. ದಾಖಲೆಗಳನ್ನು ಬರೆದಿಡದ ತಪ್ಪಿಗೆ ಹೋಟೆಲಿನ ದರ್ಜೆ 5ರಿಂದ 3ಕ್ಕೆ ಇಳಿಯುತ್ತದೆ. ಸ್ಟೀಫನ್ ಗ್ರಹಾಂ ಅಭಿನಯದ ಈ ಆಂಡಿಯ ಕೈಯಲ್ಲೊಂದು ಬಾಟಲಿ. ದಣಿದವನು ನೀರು ಕುಡಿಯುತ್ತಿದ್ದಾನೆ ಎಂದುಕೊಳ್ಳುತ್ತೇವೆ. ಅದರೊಳಗಿರುವುದು ಮದ್ಯ ಎಂದು ತಿಳಿಯುವ ಹೊತ್ತಿಗೆ, ಅವನ ಜೊತೆಯಲ್ಲೇ ಓಡಾಡಿದ ನಮ್ಮ ಕಣ್ಣೆದುರಿಗೇ ಅವನು ಅದನ್ನು ಕುಡಿಯುತ್ತ ಬಂದಿರುತ್ತಾನೆ. ಅವನ ಸಹೋದ್ಯೋಗಿಗಳಿಗೂ ಆಗಿರುವುದು ಇದೇ ತಾನೆ? ಇನ್ನೊಂದು ಕಡೆ, ಸಿಹಿತಿಂಡಿ ವಿಭಾಗದ ಎಮಿಲಿ ತನ್ನ ಕೈಕೆಳಗಿನ ಹುಡುಗ ಜೇಮಿಗೆ ಅಂಗಿಯ ತೋಳು ಮಡಚಿಕೊಳ್ಳಲು ಹೇಳುತ್ತಾಳೆ. ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ತೋಳು ಸರಿದಾಗ ತನ್ನನ್ನು ತಾನೇ ಕೊಯ್ದುಕೊಂಡ ಗಾಯದ ಗುರುತುಗಳು ಕಾಣುತ್ತವೆ. ಅವಳು ಏನನ್ನೂ ಕೇಳದೆ ಅವನನ್ನು ಅಪ್ಪಿಕೊಳ್ಳುತ್ತಾಳೆ. ಗಾಯಕ್ಕೊಂದು ಶಾಟ್, ಕಣ್ಣೀರಿಗೊಂದು ಶಾಟ್ ಎಂದು ಹಂಚಿದ್ದರೆ ಆ ಅಪ್ಪುಗೆ ನಾಟಕವಾಗುತ್ತಿತ್ತು. ಇಲ್ಲಿ ಅದು ಕೆಲಸದ ನಡುವೆ ಕದ್ದುಕೊಂಡ ಬಿಡುವು; ಕ್ಯಾಮೆರಾ ಕೂಡ ಅಲ್ಲಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ.

ಒಂದೇ ರಾತ್ರಿಯಲ್ಲಿ ಇಷ್ಟೊಂದು ವಿಪತ್ತು ಬರಬಹುದೇ ಎಂಬ ಆಕ್ಷೇಪಕ್ಕೆ ಸ್ವಲ್ಪ ತಲೆಬಾಗುತ್ತೇನೆ. ಟೀವಿಯಿಂದ ಹೆಸರು ಮಾಡಿದ, ಆಂಡಿಯ ಹಳೆಯ ಯಜಮಾನ ವಿಮರ್ಶಕಿಯೊಬ್ಬಳನ್ನು ಕರೆತಂದು, ಅದೇ ರಾತ್ರಿ ಸಾಲ ವಾಪಸ್ಸು ಕೇಳುವುದು ಕಥೆಗಾರನ ಕೈವಾಡವೆಂದು ಗೊತ್ತಾಗುತ್ತದೆ. ಆದರೆ ನಟ್ಸ್ ಒಗ್ಗದು ಎಂದು ಮೊದಲೇ ತಿಳಿಸಿದ್ದ ಯುವತಿ ಊಟದ ನಡುವೆ ಉಸಿರುಗಟ್ಟಿ ಬೀಳುವುದು ಹಾಗಲ್ಲ. ಅಲ್ಲಿ ಒಬ್ಬ ಖಳನಿಲ್ಲ. ಒಂದು ಡ್ರೆಸಿಂಗ್ ಸಾಲದೆ ಬಂದಾಗ ಇನ್ನೊಂದನ್ನು ಬಳಸಿದ್ದಾರೆ. ಎಳೆ ಹಿಡಿದು ಹೋದರೆ, ಹಾಗೆ ಮಾಡಲು ಹೇಳಿದವನು ಆಂಡಿಯೇ. ಅವಸರದಲ್ಲಿ ಹೇಳಿ ಮರೆತ ಮಾತು. ಚಿತ್ರದ ನಿರ್ದೇಶಕ ಬರಾಂಟಿನಿ ಈ ಕೆಲಸಕ್ಕೆ ಬರುವ ಮೊದಲು ವರ್ಷಗಟ್ಟಲೆ ಬಾಣಸಿಗರಾಗಿ ದುಡಿದವರು. ತಪ್ಪು ಒಲೆಯ ಮುಂದೆ ಹುಟ್ಟಿ ಮೇಜಿಗೆ ಹೇಗೆ ತಲುಪುತ್ತದೆ ಎಂಬುದು ಅವರಿಗೆ ಗೊತ್ತು.

ಉಳಿದ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡಿದ್ದು: ಅಡುಗೆಯ ಸುಖವೆಲ್ಲಿ? ಹದವಾಗಿ ಬೆಂದು ಒಳಗೆ ಕೆಂಪಗಿರುವ ಕುರಿಮಾಂಸವನ್ನೂ ಇಲ್ಲಿ ಗಿರಾಕಿ ಬೆಂದಿಲ್ಲವೆಂದು ವಾಪಸ್ಸು ಕಳಿಸುತ್ತಾನೆ; ರುಚಿ ನೋಡಿ ಹಿಗ್ಗುವ ಪುರುಸೊತ್ತು ಯಾರಿಗೂ ಇಲ್ಲ. ಹಾಗಾದರೆ ಕಡಿಯದ ಶಾಟ್ ಉಸಿರುಗಟ್ಟಿಸಲು ಮಾತ್ರ ತಕ್ಕುದೇ? ಅಲ್ಲ ಎನ್ನಲು 1996ರ ಅಮೆರಿಕನ್ ಚಿತ್ರ ‘ಬಿಗ್ ನೈಟ್’ನ ಕೊನೆಯ ದೃಶ್ಯವಿದೆ. ಇಟಲಿಯಿಂದ ವಲಸೆ ಬಂದ ಅಣ್ಣತಮ್ಮಂದಿರ ಹೋಟೆಲು ಮುಳುಗುವ ಹಂತದಲ್ಲಿದೆ, ಹಿಂದಿನ ರಾತ್ರಿ ಇಬ್ಬರೂ ಕೈಕೈ ಮಿಲಾಯಿಸುವಷ್ಟು ಜಗಳವಾಡಿದ್ದಾರೆ. ಬೆಳಗ್ಗೆ ತಮ್ಮ ಸೆಕೊಂಡೊ ಮೊಟ್ಟೆ ಒಡೆದು, ಕದಡಿ, ಬಾಣಲೆಗೆ ಸುರಿದು ಆಮ್ಲೆಟ್ ಮಾಡುವುದನ್ನು ಕ್ಯಾಮೆರಾ ದೂರದಿಂದ, ಒಂದೇ ಶಾಟ್‌ನಲ್ಲಿ, ಸುಮಾರು ಐದು ನಿಮಿಷ ನೋಡುತ್ತದೆ. ಮಾತಿಲ್ಲವೆಂದರೂ ಸರಿ. ಅವನು ಕೆಲಸದ ಹುಡುಗನಿಗೊಂದು ಪಾಲು ಹಾಕಿ, ತನಗೊಂದು ಪಾಲು ಹಾಕಿಕೊಂಡು, ಮಿಕ್ಕಿದ್ದನ್ನು ಬಾಣಲೆಯಲ್ಲೇ ಬಿಡುತ್ತಾನೆ. ನಡುವೆ ಕತ್ತರಿ ಬೀಳದ್ದರಿಂದ ಆ ಮೂರನೆಯ ಪಾಲು ಅಲ್ಲೇ ಕಾಯುತ್ತಿರುವುದು ನಮಗೆ ಗೊತ್ತಿರುತ್ತದೆ. ಅಣ್ಣ ಪ್ರಿಮೊ ಒಳಗೆ ಬರುತ್ತಾನೆ. ತಮ್ಮ ಎದ್ದು, ತಟ್ಟೆ ತೆಗೆದು, ಬಾಣಲೆಯಲ್ಲಿ ಉಳಿದದ್ದನ್ನು ಅವನಿಗೆ ಬಡಿಸುತ್ತಾನೆ.