ಕಾಲಲ್ಲಿ ಒತ್ತುವ ತಂಬೂರಿ

ಗಿಟಾರ್ ಇಟ್ಕೊಂಡಿರೋ ಐಟಿ ಗೆಳೆಯರು ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ: "ಲೂಪರ್ ತಗೊಳ್ಲಾ, ಗ್ರ್ಯಾನ್ಯುಲರ್ ಪೆಡಲ್ ತಗೊಳ್ಲಾ?" ಎರಡೂ ಕಾಲಲ್ಲಿ ಒತ್ತುವ ಡಬ್ಬಿಗಳೇ. ಸ್ವಭಾವ ಮಾತ್ರ ಪೂರ್ತಿ ಬೇರೆ.

ಲೂಪರ್ ಪಾಪದ್ದು. ಒಮ್ಮೆ ಒತ್ತಿದರೆ ನುಡಿಸಿದ್ದನ್ನು ರೆಕಾರ್ಡ್ ಮಾಡ್ಕೊಳ್ಳುತ್ತೆ, ಇನ್ನೊಮ್ಮೆ ಒತ್ತಿದರೆ ಅದನ್ನೇ ಸುತ್ತಿ ಸುತ್ತಿ ಕೇಳಿಸುತ್ತೆ. 1999ರ ಲೈನ್ 6 ಡಿಎಲ್4ನಲ್ಲಿ ಇದಕ್ಕೆ 14 ಸೆಕೆಂಡ್ ಜಾಗ. ಸೆಕೆಂಡಿಗೊಂದು ಎಣಿಕೆ ಇಟ್ಟರೆ ಆದಿತಾಳದ ಒಂದು ಆವರ್ತ 8 ಸೆಕೆಂಡ್, ಆರಾಮಾಗಿ ಹಿಡಿಯುತ್ತೆ. ಎರಡು ಕಳೆಗೆ 16 ಬೇಕು, ಆವರ್ತ ಮುಗಿಯೋ ಮೊದಲೇ ಜಾಗ ಖಾಲಿ! ಬಾಸ್ ಆರ್‌ಸಿ-1 ತಗೊಂಡರೆ ಈ ತಾಪತ್ರಯವಿಲ್ಲ, 12 ನಿಮಿಷ ಸಿಗುತ್ತೆ.

ಗ್ರ್ಯಾನ್ಯುಲರ್ ಅಂದ್ರೆ ಬೀಸುವ ಕಲ್ಲು. ಡೆನ್ನಿಸ್ ಗೇಬರ್ ಎಂಬ ವಿಜ್ಞಾನಿ 1940ರ ದಶಕದಲ್ಲೇ ಶಬ್ದವನ್ನು ಕಣಗಳಾಗಿ ನೋಡಬಹುದು ಅಂದಿದ್ದರು. ರೆಡ್ ಪಾಂಡಾ ಪಾರ್ಟಿಕಲ್, ಹಾಲೊಗ್ರಾಮ್ ಮೈಕ್ರೊಕಾಸ್ಮ್ ತರದ ಪೆಡಲುಗಳು ಮಾಡೋದು ಅದನ್ನೇ. ನುಡಿಸಿದ್ದನ್ನು ಸೆಕೆಂಡಿನ ಸಣ್ಣ ಸಣ್ಣ ಚೂರು ಮಾಡಿ, ಹಿಂದುಮುಂದು ಚೆಲ್ಲಿ, ಒಂದರ ಮೇಲೊಂದು ಹರಡುತ್ತವೆ. ಮೋಡದಂಥ ನಾದ ಬರುತ್ತೆ. ಆದರೆ ತೋಡಿಯ ಗಾಂಧಾರ ಕೊಟ್ಟು ನೋಡಿ. ಆ ಸ್ವರದ ಜೀವ ಇರೋದು ಅದರ ಅಲುಗಾಟದಲ್ಲಿ. ಒಂದು ಅಲುಗಾಟ ಮುಗಿಯೋಕೆ ಮೊದಲೇ ಚೂರು ತುಂಡಾದರೆ ಸ್ವರ ಉಳಿಯುತ್ತೆ, ತೋಡಿ ಹೋಗುತ್ತೆ.

ಶ್ರುತಿಗಾದರೆ ಇಂಥ ಯಂತ್ರ ನಮ್ಮೂರಿಗೆ ಹೊಸದಲ್ಲ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೆ ಹೋದಾಗ ವೇದಿಕೆ ಮೇಲೆ ಆ ತರದ ಡಬ್ಬಿ ಇದೆಯಾ ಅಂತ ನೋಡೋದು ನನಗೊಂದು ಚಟ. ಪ-ಸ-ಸ-ಸ ಸುತ್ತೋದೂ ಲೂಪೇ ಅಲ್ವಾ?

ಇಷ್ಟೆಲ್ಲ ಹೋಲಿಕೆಗೆ ಕಾರಣ ನನ್ನ ಫೋನಿನಲ್ಲಿರೋ 22 ಸೆಕೆಂಡಿನ ಒಂದು ರೆಕಾರ್ಡಿಂಗ್. ಕುಣಿಗಲ್ ಕಡೆಯ ನಮ್ಮೂರಲ್ಲಿ ನಮ್ಮಜ್ಜಿ ಹೇಳಿದ ರಾಗಿ ಬೀಸೋ ಪದ. ಅಜ್ಜಿ ಈಗಿಲ್ಲ. ಬಸವನಗುಡಿಯ ಗೆಳೆಯನೊಬ್ಬನ ಮನೇಲಿ ಎರಡೂ ತರದ ಪೆಡಲ್ ಇದ್ದವು, ಎರಡಕ್ಕೂ ಅದನ್ನು ಕೊಟ್ಟೆ.

ಗ್ರ್ಯಾನ್ಯುಲರಿನಲ್ಲಿ ರೂಮಿನ ತುಂಬ ಅಜ್ಜಿಯ ದನಿ. ಗೆಳೆಯ "ಸೂಪರ್ ಮಗಾ, ಇದನ್ನೇ ಟ್ರ್ಯಾಕ್ ಮಾಡೋಣ" ಅಂದ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಒಂದು ಮಾತೂ ಮಾತ್ರ ತಿಳೀತಿರಲಿಲ್ಲ. ಲೂಪರಿನಲ್ಲಿ ಮಾತೆಲ್ಲ ಇತ್ತು, ಹತ್ತನೇ ಸುತ್ತಿಗೂ ಅದೇ ಜಾಗದಲ್ಲಿ ಅದೇ ಕೆಮ್ಮು. ಕಲ್ಲು ತಿರುಗಿಸುವಾಗ ಅಜ್ಜಿ ಯಾವತ್ತೂ ಒಂದೇ ತರ ಎರಡು ಸಲ ಹಾಡಿದವಳಲ್ಲ.

ಆದರೂ ಲೂಪರೇ ಕೆಲಸಕ್ಕೆ ಬಂತು. ಸಾಲು ಸಾಲಾಗಿ ತುಂಡು ಮಾಡಿ, ಡಿಎಲ್4ನ ಅರ್ಧ ವೇಗದಲ್ಲಿ ಕೇಳಿ ಮಾತುಗಳನ್ನು ಬರ್ಕೊಂಡೆ. ತಿಳೀದಿದ್ದ ಮೂರು ಪದ ಕೇಳೋಕೆ ಊರಿಗೆ ಫೋನ್ ಮಾಡಿದರೆ ಅಮ್ಮ, "ಅಷ್ಟೇ ಅಲ್ಲ ಕಣೋ, ಮುಂದಕ್ಕೂ ಐತೆ" ಅಂತ ಇನ್ನೂ ನಾಲ್ಕು ಸಾಲು ಹಾಡಿದರು. ಮೂವತ್ತು ವರ್ಷದಲ್ಲಿ ಅಮ್ಮ ಹಾಡಿದ್ದು ನಾನು ಕೇಳೇ ಇರಲಿಲ್ಲ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ ಇಷ್ಟೇ. ನಾದ ಬೇಕಿದ್ದರೆ ಗ್ರ್ಯಾನ್ಯುಲರ್, ಮಾತು ಬೇಕಿದ್ದರೆ ಲೂಪರ್. ಎರಡಕ್ಕೂ ಮೊದಲು, ಹಾಡೋರು ಮನೇಲಿ ಇನ್ನೂ ಇದ್ದರೆ ಅವರಿಗೊಂದು ಫೋನ್ ಮಾಡಿ. ಸಾಲುಗಳೆಲ್ಲ ಅವರ ಹತ್ತಿರಾನೇ ಇರ್ತವೆ.