ಬಿಚ್ಚಿದರೆ ತಾನೇ ಪಾಠ!

ನನ್ನ 2009ರ ಲ್ಯಾಪ್‌ಟಾಪು ಶುರುವಾಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಶಿವಮೊಗ್ಗದ ಅಂಗಡಿಯವರೊಬ್ಬರು ‘ಗುಜರಿಗೆ ಹಾಕಿ ಸಾರ್’ ಎಂದರು. ಭದ್ರಾವತಿಯಲ್ಲಿ ಹಳೇ ಲ್ಯಾಪ್‌ಟಾಪು ಬಿಚ್ಚುವುದನ್ನೇ ಹವ್ಯಾಸ ಮಾಡಿಕೊಂಡ ನನ್ನ ಶಿಷ್ಯನೊಬ್ಬನಿದ್ದಾನೆ. ಕಾರ್ಖಾನೆ ಕಾರ್ಮಿಕರ ಮಗ. ಸ್ಪ್ಯಾನರ್ ಹಿಡಿಯುವುದನ್ನು ಮನೆಯಲ್ಲೇ ಕಲಿತವನು. ‘ಕೊಡಿ ಸಾರ್, ನೋಡೋಣ’ ಎಂದ.

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದ. 2 ಜಿಬಿ ರ‍್ಯಾಮನ್ನು 4ಕ್ಕೆ ಏರಿಸಿದ. ವಿಂಡೋಸ್ ಬದಲು ಲಿನಕ್ಸ್ ಹಾಕಿದ. ತಟ್ಟೆ ತಿರುಗಿಸಿ ಮಾಹಿತಿ ಹುಡುಕುವ ತಾಪತ್ರಯ ಎಸ್‌ಎಸ್‌ಡಿಗಿಲ್ಲ. ಅದರಲ್ಲಿ ಚಲಿಸುವ ಭಾಗವೇ ಇಲ್ಲ. ಈಗ ಕಾಫಿ ಸೋಸುವುದರೊಳಗೆ ಪರದೆ ಸಿದ್ಧ!

2001ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಕೈಗಣಕ ಸಿಂಪ್ಯೂಟರ್ ನೆನಪಿದೆಯೆ? ಅದರಲ್ಲೂ ಲಿನಕ್ಸೇ ಇತ್ತು; ಯಂತ್ರದ ವಿನ್ಯಾಸವನ್ನೂ ಇತರರು ಬೆಳೆಸಲೆಂದು ಮುಕ್ತವಾಗಿಟ್ಟಿದ್ದರು. ಇಂದಿನ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಾದರೋ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಹೆಚ್ಚಿಸಲು ದಾರಿಯಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಅಟ್ಟ ಸೇರಿವೆ. ಗುಜರಿಗೆ ಹಾಕುವ ಮುನ್ನ, ಬ್ಯಾಟರಿ ತೆಗೆದು, ಮಕ್ಕಳ ಕೈಗೊಂದು ಸ್ಕ್ರೂಡ್ರೈವರ್ ಕೊಡಿ. ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊನ್ನೆ ರ‍್ಯಾಮ್ ಕಿತ್ತು ಮತ್ತೆ ಕೂರಿಸಿದಳು. ಪರದೆ ಬೆಳಗಿದಾಗ ಅವಳ ಮುಖ ನೋಡಬೇಕಿತ್ತು. ಕಪ್ಪುಹಲಗೆಯ ಮೇಲೆ ಎಷ್ಟು ಬರೆದರೂ ಆ ಪಾಠ ಹೇಳಿಕೊಡಲು ನನ್ನಿಂದಾಗದು.