ಅಯ್ಯನವರ ಸೋಮವಾರ

ಭಾನುವಾರ ಊರಿಗೆಲ್ಲ ಬಿಡುವು. ಅಯ್ಯನವರಿಗೆ ಅಂದೇ ದುಡಿಮೆ. ಹಾಗಾದರೆ ಅವರ ಬಿಡುವು ಯಾವಾಗ? ಸೋಮವಾರ ಎಂಬುದು ಸಭೆಯವರ ಲೆಕ್ಕಾಚಾರ. ಆದರೆ ಸೋಮವಾರ ಬೆಳಿಗ್ಗೆ ಏಳು ಹೊಡೆಯುವುದಕ್ಕೆ ಮೊದಲೇ ದಾವಣಗೆರೆಯ ಎಸ್.ಎಸ್. ಬಡಾವಣೆಯ ಆ ಬಾಡಿಗೆ ಮನೆಯ ಗೇಟು ಕಿರ್ರೆನ್ನುತ್ತದೆ. ಒಬ್ಬರಿಗೆ ಮಗಳ ಮದುವೆಯ ತಾರೀಖು ಗೊತ್ತಾಗಬೇಕು. ಇನ್ನೊಬ್ಬರಿಗೆ ಮಗನ ಕಾಲೇಜಿಗೆ ಶಿಫಾರಸಿನ ಪತ್ರ ಬೇಕು. ಮತ್ತೊಬ್ಬರಿಗೆ ಏನೂ ಬೇಡ, ನಿನ್ನೆಯ ಪ್ರಸಂಗ ಹದಿನೈದು ನಿಮಿಷ ಉದ್ದವಾಯಿತೆಂದು ಹೇಳಿ ಹೋಗಬೇಕು, ಅಷ್ಟೆ.

‘ಅಯ್ಯನವರು’ ಎಂಬ ಮಾತಿಗೆ ಈ ಸೀಮೆಯಲ್ಲಿ ಎರಡು ವಿಳಾಸಗಳಿವೆ. ವೀರಶೈವರ ಮನೆಗಳಲ್ಲಿ ಅದು ಜಂಗಮರನ್ನು ಕುರಿತದ್ದು; ಕ್ರೈಸ್ತರ ಮನೆಗಳಲ್ಲಿ ಸಭಾಪಾಲಕರನ್ನು ಕುರಿತದ್ದು. ಒಮ್ಮೆ ಹಿಂದಿನ ರಸ್ತೆಯವರು ಗೃಹಪ್ರವೇಶಕ್ಕೆ ಕರೆಯಲೆಂದು “ಅಯ್ಯನವರ ಮನೆ ಯಾವುದು?” ಎಂದು ಕೇಳಿಕೊಂಡು ಬಂದು ಇವರ ಬಾಗಿಲನ್ನೇ ತಟ್ಟಿದ್ದರು. ಗೋಡೆಯ ಮೇಲಿನ ಶಿಲುಬೆಯನ್ನು ಕಂಡು ಬಂದವರು ತಬ್ಬಿಬ್ಬಾದರು. ಇವರು ನಕ್ಕು, ಚಪ್ಪಲಿ ಮೆಟ್ಟಿಕೊಂಡು, ಸರಿಯಾದ ಅಯ್ಯನವರ ಮನೆಯವರೆಗೂ ಹೋಗಿ ದಾರಿ ತೋರಿಸಿ ಬಂದರು.

ಇವರ ಸಭೆ ದೊಡ್ಡದೇನಲ್ಲ, ಅರುವತ್ತು ಮನೆಗಳದು. ಹೆಚ್ಚಿನವರ ಅಜ್ಜಂದಿರು ಈ ಸೀಮೆಗೆ ಬಂದದ್ದು ಕೂಲಿ ಹುಡುಕಿಕೊಂಡು. ದಾವಣಗೆರೆಯ ಹತ್ತಿ ಗಿರಣಿಗಳು ಕೆಲವರಿಗೆ ಅನ್ನ ಕೊಟ್ಟವು. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇನ್ನು ಕೆಲವರಿಗೆ ಕೊಟ್ಟಿತು. ಗಿರಣಿಗಳು ಒಂದೊಂದಾಗಿ ನಿಂತವು. ಕಾರ್ಖಾನೆಯೂ ಬಾಗಿಲು ಹಾಕಿತು. ಮೊಮ್ಮಕ್ಕಳು ಓದಿ ಬೆಂಗಳೂರು ಸೇರಿದರು. ಸಭೆಯ ದಾಖಲೆ ಪುಸ್ತಕದಲ್ಲಿ ಹೆಸರುಗಳು ಉದ್ದಕ್ಕೆ ಇವೆ. ಭಾನುವಾರದ ಬೆಂಚುಗಳಲ್ಲಿ ಮಾತ್ರ ಜಾಗ ಸಾಕಷ್ಟು. ಉಳಿದವರಲ್ಲಾದರೂ ಒಗ್ಗಟ್ಟಿದೆಯೇ ಎಂದರೆ, ಕಾಂಪೌಂಡು ಗೋಡೆಯ ಖರ್ಚಿನ ವಿಷಯವಾಗಿ ಇಬ್ಬರು ಸಭಾ ಹಿರಿಯರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಒಬ್ಬರು ಬಲಗಡೆಯ ಬೆಂಚು, ಒಬ್ಬರು ಎಡಗಡೆಯದು. ನಡುವೆ ನಿಂತು ಸಮಾಧಾನದ ವಿಷಯ ಬೋಧಿಸುವುದು ಅಯ್ಯನವರ ಪಾಲಿಗೆ ಬಂದ ಕೆಲಸ. ಇದು ಸಾಲದೆಂಬಂತೆ, ಧ್ವನಿವರ್ಧಕದ ಗದ್ದಲದಿಂದ ತಮ್ಮ ತಾಯಿಗೆ ನಿದ್ದೆಯಿಲ್ಲವೆಂದು ಪಕ್ಕದ ಮನೆಯ ಯಜಮಾನರು ಬಾಗಿಲಲ್ಲೇ ನಿಂತು ಜಗಳವಾಡಿ ಹೋಗಿದ್ದರು.

ಜುಲೈ ತಿಂಗಳ ಒಂದು ರಾತ್ರಿ ಅಯ್ಯನವರು ಬಿಷಪ್ಪರಿಗೆ ಒಂದು ಕಾಗದ ಬರೆದರು. ತಮ್ಮನ್ನು ಈ ಸೇವೆಯಿಂದ ಬಿಡುಗಡೆ ಮಾಡಬೇಕು, ಎಲ್ಲಾದರೊಂದು ಶಾಲೆಯಲ್ಲಿ ಪಾಠ ಹೇಳಿಕೊಂಡಿರುತ್ತೇನೆ ಎಂಬುದು ಅದರ ಸಾರ. ಬರೆದು, ಸಹಿ ಮಾಡಿ, ಮೇಜಿನ ಡ್ರಾಯರಿನಲ್ಲಿ ಮೇಣದಬತ್ತಿಯ ಕಟ್ಟಿನ ಕೆಳಗೆ ಇಟ್ಟರು. ಹೆಂಡತಿಗೂ ಹೇಳಲಿಲ್ಲ. ಆಕೆಗೆ ಗೊತ್ತಿರಲಿಲ್ಲವೆಂದಲ್ಲ, ಡ್ರಾಯರನ್ನು ಒರೆಸುವವರು ಆಕೆಯೇ ತಾನೇ!

ಎಲ್ಲರ ಕಣ್ಣೀರನ್ನು ಒರೆಸುವವನ ಕಣ್ಣು ಸದಾ ಒಣಗಿಯೇ ಇರುತ್ತದೆಂದು ಜನ ತಿಳಿಯುತ್ತಾರೆ. ಹಳೆಯ ಒಡಂಬಡಿಕೆಯಲ್ಲಿ ಮೋಶೆಯ ಕಥೆಯೊಂದಿದೆ. ಯುದ್ಧ ನಡೆಯುತ್ತಿರುವಾಗ ಅವನು ಬೆಟ್ಟದ ಮೇಲೆ ಕೈಯೆತ್ತಿ ನಿಂತಷ್ಟು ಹೊತ್ತು ಅವನ ಜನಕ್ಕೆ ಜಯ. ಕೈ ಸೋತು ಇಳಿದರೆ ಸೋಲು. ಕೊನೆಗೆ ಆರೋನ ಮತ್ತು ಹೂರ ಎಂಬಿಬ್ಬರು ಅವನನ್ನು ಕಲ್ಲಿನ ಮೇಲೆ ಕೂರಿಸಿ, ಎರಡು ಕಡೆಯಿಂದಲೂ ಕೈಗಳನ್ನು ಎತ್ತಿ ಹಿಡಿದರು. ಅಯ್ಯನವರು ಈ ಕಥೆಯ ಮೇಲೆ ಮೂರು ಬಾರಿ ಪ್ರಸಂಗ ಮಾಡಿದ್ದರು. ಕೇಳಿದವರೆಲ್ಲ ಬಹಳ ಚೆನ್ನಾಗಿತ್ತೆಂದರು. ಕೈ ಹಿಡಿಯಲು ಮಾತ್ರ ಯಾರೂ ಮುಂದಾಗಲಿಲ್ಲ.

ಆಗಸ್ಟಿನ ಒಂದು ಸೋಮವಾರ ಗೇಟು ಕಿರ್ರೆಂದಾಗ ಒಳಗೆ ಬಂದವರು ಗಿರಣಿಯ ತಾತ. ಮೂವತ್ತು ವರ್ಷ ಗಿರಣಿಯಲ್ಲಿ ಹಾಜರಿ ಬರೆದ ಮುದುಕರು. ಕೈಯಲ್ಲಿ ಕಾಗದದ ಪೊಟ್ಟಣ. ಅದರಲ್ಲಿ ಒಗ್ಗರಣೆಯ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ. “ಏನು ಬಂದಿರಿ, ತಾತ?” ಎಂದರೆ, “ಏನೂ ಇಲ್ಲ. ಸುಮ್ಮನೆ ಬಂದೆ,” ಎಂದರು. ಅಯ್ಯನವರು ಕಾದರು. ಸುಮ್ಮನೆ ಬಂದೆ ಎನ್ನುವವರೇ ಕಾಲು ಗಂಟೆಯ ಮೇಲೆ ದೊಡ್ಡ ಕಷ್ಟವನ್ನು ಹೊರತೆಗೆಯುತ್ತಾರೆಂಬುದು ಅವರ ಅನುಭವ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ತಾತ ಮಂಡಕ್ಕಿ ತಿಂದು, ಚಹಾ ಕುಡಿದು, “ಸಭೆಯ ಲೆಕ್ಕದ ಪುಸ್ತಕ ಇತ್ತ ಕೊಡ್ರಿ. ಕಣ್ಣು ಇನ್ನೂ ಕಾಣ್ತಾವೆ,” ಎಂದರು. ಅಂದಿನಿಂದ ಲೆಕ್ಕ ತಾತನದಾಯಿತು. ಅಯ್ಯನವರಿಗೆ ವಾರದಲ್ಲಿ ಎರಡು ರಾತ್ರಿ ಉಳಿದವು.

ಸಭೆಯ ಹಿರಿಯರನ್ನು ಪ್ರೋತ್ಸಾಹಿಸುವುದೆಂದರೆ ವರ್ಷಕ್ಕೊಮ್ಮೆ ಶಾಲು ಹೊದಿಸಿ ಭಾಷಣ ಮಾಡುವುದೆಂದು ತಿಳಿದವರೇ ಬಹಳ. ಶಾಲು ಪೆಟ್ಟಿಗೆಗೆ ಸೇರುತ್ತದೆ. ಲೆಕ್ಕದ ಪುಸ್ತಕವನ್ನು ಹೊತ್ತುಕೊಂಡು ಹೋದವನ ಉಪಕಾರ ಹಾಗಲ್ಲ.

ಲೆಕ್ಕ ಬರೆಯುತ್ತ ಕುಳಿತ ತಾತನ ಕಣ್ಣು ಒಂದು ದಿನ ಕಪಾಟಿನ ಮೇಲೆ ಬಿತ್ತು. ಅಲ್ಲಿ ಸತ್ಯವೇದದ ಪಕ್ಕದಲ್ಲೇ ಸರ್ವಜ್ಞನ ವಚನಗಳ ಒಂದು ಹಳೆಯ ಪ್ರತಿ. ಸಂಪಾದಕರು ಉತ್ತಂಗಿ ಚನ್ನಪ್ಪನವರು. “ಇವರೂ ನಿಮ್ಮ ಹಾಗೇ ಅಯ್ಯನೋರಲ್ವೇ?” ಎಂದು ತಾತ ಕೇಳಿದರು. ಹೌದು, 1881ರಲ್ಲಿ ಹುಟ್ಟಿದ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಪಾಲಕರಾಗಿದ್ದವರು. ಅವರ ಹೆಸರಿಗೆ ಅಂಟಿಕೊಂಡ ಉತ್ತಂಗಿ ಎಂಬ ಹಳ್ಳಿ ದೂರದ್ದಲ್ಲ. ಹರಪನಹಳ್ಳಿಯ ಆಚೆ ಹೂವಿನಹಡಗಲಿ ತಾಲ್ಲೂಕಿನಲ್ಲಿದೆ. ಮದುವೆ, ಮಣ್ಣು, ಮನಸ್ತಾಪ ಎಂಬ ಪಾಲಕನ ಮೂರು ನಿತ್ಯ ಕೆಲಸಗಳ ನಡುವೆಯೇ ಅವರು ಊರೂರು ತಿರುಗಿದರು, ಹಸ್ತಪ್ರತಿಗಳನ್ನು ಹುಡುಕಿದರು, ಜನರ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1924ರಲ್ಲಿ ಸರ್ವಜ್ಞನ ವಚನಗಳು ಪುಸ್ತಕವಾಗಿ ಹೊರಬಂದವು. ಕನ್ನಡಿಗರು ಬಾಯಲ್ಲಿ ಆಡುತ್ತಿದ್ದ ತಮ್ಮದೇ ಕವಿಯನ್ನು ಒಬ್ಬ ಕ್ರೈಸ್ತ ಪಾದ್ರಿ ಕೂಡಿಸಿ ಅವರ ಕೈಗೇ ಇತ್ತಂತಾಯಿತು. ಶರಣರ ಅನುಭವ ಮಂಟಪವೆಂಬುದು ನಿಜವಾಗಿ ಇತ್ತೇ ಎಂದು ಸಂಶಯಗಳೆದ್ದಾಗ, ಇತ್ತೆಂದು ವಾದಿಸಿ ಗ್ರಂಥ ಬರೆದವರಲ್ಲಿಯೂ ಅವರೊಬ್ಬರು. 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಈ ಪಾಲಕರೇ. ನಿಜಾಮನ ಆಳ್ವಿಕೆ ಆಗಷ್ಟೇ ಮುಗಿದಿತ್ತು. 1962ರಲ್ಲಿ ಅವರು ತೀರಿಕೊಂಡರು.

ಚನ್ನಪ್ಪನವರು ತಮ್ಮ ವಿಶ್ವಾಸವನ್ನು ಬಿಟ್ಟುಕೊಡಲಿಲ್ಲ. ಅದನ್ನು ಬೇಲಿಯಾಗಿ ಮಾಡಿಕೊಳ್ಳಲೂ ಇಲ್ಲ. ಊರಿನ ಕಾವ್ಯ, ಊರಿನ ಕಷ್ಟ, ಊರಿನ ವಾದ ಎಲ್ಲವೂ ತಮ್ಮದೆಂದು ತಿಳಿದರು. ಅಯ್ಯನವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆ ಪುಸ್ತಕ ಹತ್ತು ವರ್ಷದಿಂದ ಅವರ ಕಪಾಟಿನಲ್ಲೇ ಇತ್ತು. ಆದರೆ ತಾತ ಎದ್ದು ಹೋದಮೇಲೆ ಅವರು ಅದನ್ನು ಕೆಳಗಿಳಿಸಿ, ದೂಳು ಕೊಡವಿ, ಬಹಳ ಹೊತ್ತು ಕೈಯಲ್ಲಿಟ್ಟುಕೊಂಡು ಕುಳಿತರು. ಬಡಾವಣೆಗೆ ಬಂದು ನಾಲ್ಕು ವರ್ಷವಾಗಿದ್ದರೂ ಸಭೆಯ ಅರುವತ್ತು ಮನೆ ಬಿಟ್ಟು ಅರುವತ್ತೊಂದನೆಯ ಮನೆಯ ಹೊಸ್ತಿಲನ್ನೂ ತಾವು ತುಳಿದಿಲ್ಲವೆಂದು ಲೆಕ್ಕಕ್ಕೆ ಸಿಕ್ಕಿತು.

ಸಂಜೆ ಅವರು ಪಕ್ಕದ ಮನೆಗೆ ಹೋದರು. ಆ ಹೊಸ್ತಿಲನ್ನು ದಾಟುವುದು ಸುಲಭವಾಗಿರಲಿಲ್ಲ. ಮತಾಂತರ ಮಾಡಿಸಲು ಬಂದನೇನೋ ಎಂಬ ಅನುಮಾನ ಯಜಮಾನರ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅಯ್ಯನವರು ಎರಡೇ ಮಾತು ಆಡಿದರು: ಹೊರಗಿನ ಧ್ವನಿವರ್ಧಕವನ್ನು ಇಳಿಸಿದ್ದಾಗಿದೆ; ಅಜ್ಜಿಯ ಆರೋಗ್ಯ ಹೇಗಿದೆ? ಅಜ್ಜಿಯ ಆರೋಗ್ಯ ಚೆನ್ನಾಗಿರಲಿಲ್ಲ. ಮೂರನೆಯ ದಿನ ಆಕೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ರಾತ್ರಿ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಯಜಮಾನರ ಜೊತೆ ಅಯ್ಯನವರೂ ಬೆಳಗಿನವರೆಗೆ ಕುಳಿತಿದ್ದರು. ಪ್ರಾರ್ಥನೆ ಮಾಡಿದರೋ ಇಲ್ಲವೋ, ಮಾಡಿದ್ದರೆ ಮನಸ್ಸಿನಲ್ಲೇ. ಮಾತಾಡಿದ್ದು ಮೆಕ್ಕೆಜೋಳದ ಧಾರಣೆಯ ಬಗ್ಗೆ.

ಅಜ್ಜಿ ಚೇತರಿಸಿಕೊಂಡು ಮನೆಗೆ ಬಂದದ್ದೇ ತಡ, ಮಗನ ಕೈಲಿ ಅಯ್ಯನವರಿಗೆ ಹೇಳಿಕಳಿಸಿದಳು. “ಸೆಪ್ಟೆಂಬರ್ ಎಂಟಕ್ಕೆ ಹರಿಹರದಾಗೆ ನಿಮ್ಮ ಅಮ್ಮನ ಜಾತ್ರೆ ಐತಲ್ಲ, ಅಯ್ನೋರೆ. ಹರಕೆ ಹೊತ್ತೀನಿ. ನೀವೇ ಕರಕೊಂಡು ಹೋಗಬೇಕು.”

ಇಲ್ಲಿ ಅಯ್ಯನವರು ಪೇಚಿಗೆ ಸಿಕ್ಕಿದರು. ಅವರ ಸಭೆ ಪ್ರೊಟೆಸ್ಟೆಂಟರದು. ಆರೋಗ್ಯಮಾತೆಯ ದೇವಾಲಯ ಕಥೋಲಿಕರದು. ಮಾತೆ ಮರಿಯಳಲ್ಲಿ ಗೌರವವಿದ್ದರೂ ಆಕೆಗೆ ಹರಕೆ ಹೊರುವುದು ಇವರ ಪದ್ಧತಿಯಲ್ಲ. ಐರೋಪ್ಯರು ನಾಲ್ಕುನೂರು ವರ್ಷಕ್ಕೂ ಹಿಂದೆ ರಕ್ತ ಹರಿಸಿ ಮಾಡಿಕೊಂಡ ಈ ವಿಭಾಗವನ್ನು ಎಪ್ಪತ್ತೆಂಟರ ಅಜ್ಜಿಗೆ ವಿವರಿಸುವುದು ಹೇಗೆ? ವಿವರಿಸಲಿಲ್ಲ. ಎಂಟನೆಯ ತಾರೀಖು ಬೆಳಿಗ್ಗೆ ಬಸ್ಸು ಹತ್ತಿದರು.

ಹರಿಹರ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರು. ತುಂಗಭದ್ರೆಯ ದಡದ ಆ ಊರಿನ ಹೆಸರೇ ಒಂದು ರಾಜಿಯ ಕಥೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಒಂದೇ ವಿಗ್ರಹದ ಬಲಭಾಗ ಹರ, ಎಡಭಾಗ ಹರಿ. ಅಜ್ಜಿ ಮೊದಲು ಅಲ್ಲಿಗೆ ಹೋಗಿ ಕೈ ಮುಗಿದಳು. ಬಳಿಕ ಅದೇ ಹೂವಿನ ಬುಟ್ಟಿಯೊಡನೆ ಮಾತೆಯ ದೇವಾಲಯಕ್ಕೆ ನಡೆದಳು. 2019ರಲ್ಲಿ ಪೋಪರು ಈ ದೇವಾಲಯಕ್ಕೆ ಬೆಸಿಲಿಕ ಎಂಬ ಗೌರವದ ಪದವಿಯನ್ನು ಕೊಟ್ಟಿದ್ದಾರೆ. ಆದರೆ ಅಂದು ಅಲ್ಲಿ ನೆರೆದಿದ್ದವರಲ್ಲಿ ಅನೇಕರಿಗೆ ಆ ಪದ ಗೊತ್ತಿರಲಾರದು. ಹಣೆಯಲ್ಲಿ ಕುಂಕುಮವಿದ್ದವರು, ವಿಭೂತಿಯಿದ್ದವರು, ಟೋಪಿಯಿದ್ದವರು, ಏನೂ ಇಲ್ಲದವರು ಒಂದೇ ಸಾಲಿನಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದರು. ಒಂದು ಊರು ಒಂದು ದೇವಾಲಯವನ್ನು ‘ನಮ್ಮದು’ ಎನ್ನಲು ಆ ಧರ್ಮಕ್ಕೆ ಸೇರಬೇಕಾದ ಅಗತ್ಯವಿಲ್ಲವೆಂಬುದನ್ನು ಅಯ್ಯನವರು ಸಾಲಿನಲ್ಲಿ ನಿಂತೇ ಕಂಡುಕೊಂಡರು.

ಅಜ್ಜಿ ಒಳಗೆ ಹೋದಾಗ ಇವರು ಹೊರಗೆ ಮರದ ನೆರಳಿಗೆ ಸರಿದರು. ಅಲ್ಲಿ ಒಬ್ಬ ಎಳೆಯ ಪಾದ್ರಿ ಕುರ್ಚಿಯಲ್ಲಿ ಕುಳಿತಿದ್ದ; ಹಬ್ಬದ ನೆರವಿಗೆಂದು ಬೇರೆ ಊರಿನಿಂದ ಬಂದವನು. ಒಂಬತ್ತು ದಿನಗಳ ಪ್ರಾರ್ಥನೆಯಲ್ಲಿ ಗಂಟಲು ಕಟ್ಟಿ ಮಾತು ಹೊರಡುತ್ತಿರಲಿಲ್ಲ. ಆದರೂ ಬಂದವರೆಲ್ಲರ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದ. ಅಯ್ಯನವರ ಸರದಿ ಬಂದಾಗ ಅವರು ತಲೆ ಬಾಗಿಸಲಿಲ್ಲ, “ಊಟ ಆಯಿತೇ, ಫಾದರ್?” ಎಂದು ಕೇಳಿದರು. ಆ ಹುಡುಗ ಒಂದು ಕ್ಷಣ ಸುಮ್ಮನೆ ನೋಡಿದ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು. ಅಯ್ಯನವರು ರಸ್ತೆಯಾಚೆಯ ಹೋಟೆಲಿನಿಂದ ಬಿಸಿನೀರು, ಎರಡು ಇಡ್ಲಿ ತಂದು ಕೊಟ್ಟು, ಅವನು ತಿಂದು ಮುಗಿಸುವವರೆಗೂ ಅಡ್ಡಲಾಗಿ ನಿಂತು ಸಾಲನ್ನು ತಡೆದರು. ಇವರು ಯಾರೆಂದು ಅವನು ಕೇಳಲೂ ಇಲ್ಲ, ಇವರು ಹೇಳಲೂ ಇಲ್ಲ.

ನವೆಂಬರಿನಲ್ಲಿ ಸಭೆಯ ಸುಗ್ಗಿಹಬ್ಬ ಬಂತು. ಮನೆಯಲ್ಲಿ ಬೆಳೆದದ್ದನ್ನೋ ಮಾಡಿದ್ದನ್ನೋ ತಂದು ದೇವರ ಮುಂದಿಟ್ಟು, ಆರಾಧನೆಯಾದ ಮೇಲೆ ಅಂಗಳದಲ್ಲಿ ಹರಾಜು ಹಾಕುವುದು ಹಳೆಯ ಪದ್ಧತಿ. ಆ ವರ್ಷ ಬಡಾವಣೆಯವರಿಗೂ ಕರೆ ಹೋಗಿತ್ತು. ಬರುವವರು ಯಾರು ಎಂದು ಹಿರಿಯರು ಗೊಣಗಿದರು. ಬಂದರು. ಅಜ್ಜಿ ಒಂದು ಬುಟ್ಟಿ ಶೇಂಗಾ ಹೋಳಿಗೆಯೊಡನೆ ಮೊದಲ ಸಾಲಿನಲ್ಲೇ ಕುಳಿತಳು. ಮಗ ಮೆಕ್ಕೆಜೋಳದ ತೆನೆಗಳ ಕಟ್ಟು ತಂದಿದ್ದರು. ಹಿಂದಿನ ರಸ್ತೆಯ ಜಂಗಮರ ಮನೆಯಿಂದ ತೆಂಗಿನಕಾಯಿ ಬಂದಿತ್ತು.

ಹರಾಜಿನ ಕೊನೆಗೆ ಒಂದು ಕುಂಬಳಕಾಯಿ ಉಳಿಯಿತು. ಬಲಗಡೆಯ ಹಿರಿಯರು ನೂರು ಎಂದರು. ಎಡಗಡೆಯವರು ನೂರೈವತ್ತು ಎಂದರು. ಎರಡು ವರ್ಷದಲ್ಲಿ ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದೇ ಇರಬೇಕು! ಇನ್ನೂರು, ಮುನ್ನೂರು, ಐನೂರು. ಅಂಗಳವೆಲ್ಲ ನಗತೊಡಗಿತು. ಆರುನೂರಕ್ಕೆ ಮುಟ್ಟಿದಾಗ ಅಜ್ಜಿಗೆ ತಡೆಯಲಾಗಲಿಲ್ಲ. “ಏನ್ರೋ, ಚಿನ್ನದ ಕುಂಬಳಕಾಯೇನ್ರೋ ಅದು? ಹೆಚ್ಚಿ ಇಬ್ಬರೂ ಹಂಚಿಕೊಳ್ಳಿ!” ಎಂದಳು. ಈಳಿಗೆಮಣೆಯೂ ಬಂತು. ಅರ್ಧ ಅರ್ಧ ಹೆಗಲಿಗೇರಿಸಿಕೊಂಡು ಹೋಗುವಾಗ ಹಿರಿಯರಿಬ್ಬರೂ ಗೋಡೆಯ ಖರ್ಚಿನ ವಿಷಯ ಎತ್ತಿದರೋ ಇಲ್ಲವೋ ತಿಳಿಯದು. ಗೇಟಿನವರೆಗೆ ಜೊತೆಯಾಗಿ ನಡೆದದ್ದನ್ನು ಮಾತ್ರ ಎಲ್ಲರೂ ಕಂಡರು.

ಈ ಗಡಿಬಿಡಿಯಲ್ಲಿ ಹರಾಜಿನ ಲೆಕ್ಕ ಬರೆದುಕೊಳ್ಳಲು ತಾತನಿಗೆ ಕಾಗದ ಸಾಲದೆ ಹೋಗಿತ್ತು. “ಅಮ್ಮನೋರೆ, ಒಂದು ಹಾಳೆ!” ಎಂದು ಅವರು ಕೂಗಿದಾಗ ಅಯ್ಯನವರ ಹೆಂಡತಿ ಒಳಗೆ ಹೋಗಿ, ಕೈಗೆ ಸಿಕ್ಕಿದ್ದನ್ನೋ ಬೇಕೆಂದೇ ಹುಡುಕಿದ್ದನ್ನೋ, ಒಂದು ಹಾಳೆಯನ್ನು ತಂದು ಕೊಟ್ಟಿದ್ದರು.

ಮರುದಿನ ಸೋಮವಾರ. ಏಳು ಹೊಡೆಯುವ ಮೊದಲೇ ಗೇಟು ಕಿರ್ರೆಂದಿತು. ತಾತ ಮಂಡಕ್ಕಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಹರಾಜಿನ ಹಾಳೆಯನ್ನು ಬಿಡಿಸಿ, ಪುಸ್ತಕಕ್ಕೆ ಏರಿಸತೊಡಗಿದರು. ಕುಂಬಳಕಾಯಿ, ರೂಪಾಯಿ ಆರುನೂರು, ಬಂದದ್ದು ಐನೂರ ಅರುವತ್ತು, ಬಾಕಿ ನಲವತ್ತು. ಮುಗಿದ ಮೇಲೆ ಹಾಳೆಯನ್ನು ಮಗುಚಿದರು. ಹಿಂಬದಿಯಲ್ಲಿ ಅಯ್ಯನವರ ಅಕ್ಷರ, ಬಿಷಪ್ಪರ ವಿಳಾಸ, ಜುಲೈ ತಿಂಗಳ ತಾರೀಖು. ತಾತ ಕನ್ನಡಕ ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಅಯ್ಯನವರು ಗೋಡೆಯ ಕಡೆ ನೋಡುತ್ತ ನಿಂತಿದ್ದರು.

ತಾತ ಹಾಳೆಗೆ ತೂತು ಹಾಕಿ ವೋಚರುಗಳ ಕಡತಕ್ಕೆ ಪೋಣಿಸಿದರು.

“ಇದು ಈಗ ಲೆಕ್ಕದ ಹಾಳೆ ಆಯ್ತು, ಅಯ್ನೋರೆ,” ಎಂದರು. “ವಾಪಸು ಕೊಡೋಕ್ಕಾಗಲ್ಲ. ಆಡಿಟಿಗೆ ಬೇಕು.”